ಆರನೇ ಶನಿವಾರ

ಶನಿವಾರ ಬೆಳಿಗ್ಗೆ, ಮಕ್ಕಳು ಬರುವುದಕ್ಕೆ ಮೊದಲು, ದೇವೇಂದ್ರಪ್ಪ ಮಾಸ್ತರ ಗೋಡೆಯ ಮೇಲಿನ ಕೆಲಸದ ಚಕ್ರವನ್ನು ಒಂದು ಮನೆ ತಿರುಗಿಸುವ ಬದಲು ಎರಡು ಮನೆ ತಿರುಗಿಸಿದ. ಆಡಿನ ಚಿತ್ರ ನೀರಿನ ಕೊಡದ ಮನೆಯನ್ನು ದಾಟಿ ಕಸಬರಿಗೆಯ ಮನೆಯಲ್ಲಿ ಹೋಗಿ ನಿಂತಿತು. ಆಡು ಎಂದರೆ ಸುಂಕಲಮ್ಮ. ಕೆಳಗಿನ ಓಣಿಯ ಹುಡುಗಿ, ಏಳು ವರ್ಷದವಳು. ಹೀಗೆ ಮಾಡಿದ್ದು ಇದು ಮೂರನೆಯ ಸಲ.

ಚಕ್ರ ಅಲುಗದಂತೆ ಅದರ ಅಂಚಿಗೆ ಜಾಲಿಯ ಮುಳ್ಳು ಚುಚ್ಚಿ, ಕೈಗೆ ಏನೂ ಹತ್ತಿರದಿದ್ದರೂ ಧೋತರದ ತುದಿಗೆ ಎರಡೂ ಕೈ ಒರೆಸಿಕೊಂಡ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನೋಡಲು ಚೆನ್ನಾಗಿಯೇ ಇತ್ತು. ಚಕ್ರವೆಂದರೆ ಅವನ ಹೆಂಡತಿ ಶಾಂತಕ್ಕ ಹಿಟ್ಟು ಸೋಸುವ ಸಾಣಿಗೆ. ಅದರ ಜಾಳಿಗೆ ಕಿತ್ತು, ಬಳೆಯ ಮೇಲೆ ಕಾಗದ ಅಂಟಿಸಿ, ನಡುವೆ ಮೊಳೆ ಹೊಡೆದು ಗೋಡೆಗೆ ಏರಿಸಿದ್ದ. ಹೊರದೇಶದಲ್ಲಿ ಲಡಾಯಿ ಶುರುವಾದ ಮೇಲೆ ಕಾಗದ ಸಿಗುವುದೇ ಕಷ್ಟವಾಗಿದ್ದರಿಂದ ಮೇಲಿನಿಂದ ಬಂದ ಹಳೆಯ ಹುಕುಂ ಪತ್ರಗಳ ಬೆನ್ನಿಗೆ ಜೋಳದ ಗಂಜಿ ಬಳಿದಿದ್ದ. ಬೆಳಕು ಬಿದ್ದರೆ ಆನೆಯ ಹೊಟ್ಟೆಯೊಳಗಿಂದ ಯಾವುದೋ ಸರಕಾರಿ ಮೊಹರು ಕಾಣುತ್ತಿತ್ತು. ಸಣ್ಣ ಇಯತ್ತೆಯ ಮಕ್ಕಳು ಆರು ಮಂದಿ. ಅಕ್ಷರ ಬಾರದ ಅವರಿಗೆಲ್ಲ ಒಂದೊಂದು ಚಿತ್ರ. ಚಕ್ರದ ಸುತ್ತ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದ ಆರು ಮನೆಗಳು: ಕಸಬರಿಗೆ, ಚಾಪೆ, ಬೋರ್ಡು ಒರೆಸುವ ಅರಿವೆ, ಗಂಟೆ, ಕೋಲು, ನೀರಿನ ಕೊಡ. ಕೋಲು ಕತ್ತೆಗಳನ್ನು ಓಡಿಸುವುದಕ್ಕೆ. ಸಾಲೆ ನಡೆಯುತ್ತಿದ್ದದ್ದು ದೊಡ್ಡಬಸಪ್ಪಗೌಡರ ಹಳೆಯ ದನದ ಮನೆಯಲ್ಲಿ. ಅಲ್ಲಿಗೆ ಸಾಲೆ ಬಂದು ನಾಲ್ಕು ವರ್ಷವಾಗಿದ್ದರೂ ಊರಿನ ಕತ್ತೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬಿಸಿಲೇರಿದ ಕೂಡಲೇ ನೆರಳಿಗೆಂದು ನೇರ ಒಳಗೆ ಬಂದು, ಈಗ ಪುಸ್ತಕ ಇಟ್ಟಿದ್ದ ಮೇವಿನ ಗೋದಲಿಯಲ್ಲಿ ಬಾಯಿ ಹಾಕಿ, ನಿರಾಶೆಯಿಂದ ಮಾಸ್ತರನ ಮುಖ ನೋಡುತ್ತಿದ್ದವು. ಆ ನೋಟವನ್ನು ದೇವೇಂದ್ರಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ತನ್ನನ್ನು ಪೂರಾ ತಿಳಿದವರು ನೋಡುವ ಹಾಗೆ ನೋಡುತ್ತಿದ್ದವು.

ಸರಕಾರಿ ಹುಕುಮಿನಂತೆ ಸಾಲೆಗೆ ಶುಕ್ರವಾರ ಸೂಟಿ. ಶನಿವಾರ ಹೊಸ ವಾರ, ಹೊಸ ಪಾಳಿ. ಪ್ರತಿ ಶನಿವಾರ ಚಕ್ರ ಒಂದು ಮನೆ ಮುಂದೆ ಹೋಗುತ್ತದೆ; ಹೋದ ವಾರ ಕಸ ಗುಡಿಸಿದವ ಈ ವಾರ ಚಾಪೆ ಹಾಸುತ್ತಾನೆ, ಚಾಪೆಯವಳು ಬೋರ್ಡು ಒರೆಸುತ್ತಾಳೆ. ಆರು ವಾರದಲ್ಲಿ ಎಲ್ಲರಿಗೂ ಎಲ್ಲ ಕೆಲಸ. ಯಾರೂ ಯಾರಿಗೂ ಹೇಳಬೇಕಾದ್ದಿಲ್ಲ, ಬಡಿಯಬೇಕಾದ್ದಿಲ್ಲ. ಕೊಪ್ಪಳದ ವಾಚನ ಕೂಟದಲ್ಲಿ ಅವನು ಇದೇ ಮಾತನ್ನು ನಲವತ್ತು ನಿಮಿಷ ಹೇಳಿದ್ದ. ಚಕ್ರಕ್ಕೆ ತಲೆಯಿಲ್ಲ, ಕಾಲಿಲ್ಲ ಮಹನೀಯರೇ, ಮೇಲು ಕೀಳಿಲ್ಲ, ಎಂದಿದ್ದ. ಆಗ ಅವನ ದನಿ ಅವನದೇ ಕಿವಿಗೆ ಹೊಸದಾಗಿ ಕೇಳಿತ್ತು. ಕೇಳಲು ಒಂಬತ್ತು ಜನ ಇದ್ದರು. ಅದರಲ್ಲಿ ಇಬ್ಬರು ಗದಗಿನ ಗಾಡಿ ತಡವಾಯಿತೆಂದು ಬಂದು ಕೂತವರು. ಆದರೂ ಚಪ್ಪಾಳೆ ಬಿದ್ದಿತ್ತು. ಕನ್ನಡಕದ ವಕೀಲರೊಬ್ಬರು ಅವನ ಕೈ ಹಿಡಿದು, ನಿಮ್ಮಂಥವರು ಹಳ್ಳಿಯಲ್ಲಿರಬೇಕು, ಎಂದು ಹೇಳಿ ತಾವು ಕೊಪ್ಪಳದಲ್ಲೇ ಉಳಿದಿದ್ದರು. ಆ ಬಿಸಿ ಆರುವ ಮೊದಲೇ ಊರಿಗೆ ಬಂದು ಅವನು ಸಾಣಿಗೆಯ ಜಾಳಿಗೆ ಕಿತ್ತಿದ್ದ. ಶಾಂತಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು, ಕಿತ್ತು ಬಿದ್ದ ಜಾಳಿಗೆಯನ್ನು ಹೆಣದ ಬಟ್ಟೆಯ ಹಾಗೆ ಮಡಚಿ ಒಳಗೆ ಒಯ್ದಿದ್ದಳು.

ಚಕ್ರ ಗೋಡೆಗೆ ಏರಿದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಿಮಗೆ ಬೇಕಾದ ಚಿತ್ರ ಹೇಳಿರಿ ಎಂದಿದ್ದ. ಗೌಡರ ಮಗ ಉಮಾಪತಿ ಆನೆ ಕೇಳಿದ. ಕಿರಾಣಿ ಅಂಗಡಿಯವರ ವಿರುಪಣ್ಣ ಗಿಣಿ. ಅಂಬಿಗರ ಹೊಳಿಯಮ್ಮ ಮೀನು, ಯಾರಿಗೂ ಕಾಣದ ಹಾಗೆ ಕೂರುವ ಶಂಕ್ರಮ್ಮ ಮೊಲ. ಲಕ್ಷ್ಮಣ ಮಾತ್ರ ಚೇಳು ಬೇಕೆಂದ. ಚೇಳು ಬೇಡಪ್ಪ, ನವಿಲು ಬರೀತೀನಿ ಅಂದರೂ ಅವನು ಒಪ್ಪಲಿಲ್ಲ. ನವಿಲಿಗೆ ಯಾರು ಅಂಜ್ತಾರ್ರಿ, ಎಂದು ಕೇಳಿದ. ಬಾಗಿಲ ಹತ್ತಿರ, ಎಲ್ಲರಿಂದ ಒಂದು ಚಾಪೆಯಷ್ಟು ದೂರ ಕೂತಿದ್ದ ಸುಂಕಲಮ್ಮ, ಯಾವುದು ಉಳಿದೈತ್ರಿ ಮಾಸ್ತರ್ರಿ, ಎಂದಳು. ಉಳಿದದ್ದು ಅಂತ ಏನಿಲ್ಲವ್ವ, ಪ್ರಪಂಚದಾಗಿನ ಎಲ್ಲಾ ಪ್ರಾಣಿ ಅದಾವ, ಎಂದು ಅವನು ಅಂದಾಗ ಅವಳು ಭಾಳ ಹೊತ್ತು ಯೋಚಿಸಿ ಆಡು ಎಂದಳು. ಆಡೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಗಡ್ಡದ ತುದಿ ಗಾಳಿಗೆ ಅಲುಗುವಂತಿತ್ತು. ಆನೆ ಮಾತ್ರ ಹಿಂದಿನಿಂದ ನೋಡಿದ ಎಮ್ಮೆಯಾಗಿತ್ತು.

ಅದೇ ದಿನ ಸಂಜೆ ದೊಡ್ಡಬಸಪ್ಪಗೌಡರು ತಮ್ಮ ದನದ ಮನೆಯ ಜಂತೆ ನೋಡಲು ಬಂದವರು ಚಕ್ರದ ಮುಂದೆ ನಿಂತಿದ್ದರು. ‘ಆನಿ ಛಲೋ ಬಿಡಿಸೀರಿ ಮಾಸ್ತರ್ರ. ಕಿವಿ ಒಂದಿಷ್ಟು ಹೆಚ್ಚಾಗ್ಯಾವು,’ ಎಂದರು. ಆಮೇಲೆ ಆಡಿನ ಚಿತ್ರ ನೋಡಿದರು. ಕೊಡದ ಚಿತ್ರ ನೋಡಿದರು. ಕೆಮ್ಮಿದರು. ನಶ್ಯದ ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿ ಹೊರಟು ಹೋದರು.

ಇಷ್ಟೇ ಆದದ್ದು. ಯಾರೂ ಏನೂ ಹೇಳಿರಲಿಲ್ಲ. ಆದರೆ ಆ ಕೆಮ್ಮು ದೇವೇಂದ್ರಪ್ಪನ ಬೆನ್ನ ಹುರಿಯಲ್ಲಿ ಇಳಿದು ಎಲ್ಲೋ ಕೂತುಬಿಟ್ಟಿತು. ಅವನು ಆ ಕೆಮ್ಮಿಗೆ ಅರ್ಥ ಬರೆದ, ಅರ್ಥಕ್ಕೆ ಟೀಕೆ ಬರೆದ. ಸುಂಕಲಮ್ಮ ಕೊಡದಲ್ಲಿ ಕೈ ಅದ್ದುವುದು, ಚರಿಗೆಯಿಂದ ಉಮಾಪತಿಯ ಬೊಗಸೆಗೆ ನೀರು ಸುರಿಯುವುದು. ಅದೇ ಉಮಾಪತಿ, ಗೌಡರ ಒಬ್ಬನೇ ಗಂಡು ಮಗ, ಊರ ನಡುವೆ ಕಸಬರಿಗೆ ಹಿಡಿಯುವುದು. ನಾಳೆ ಸಾಲೆಗೆ ಜಾಗ ಎಲ್ಲಿ, ತನ್ನನ್ನು ಬದಲಿ ಮಾಡಿ ಅಟ್ಟುವುದು ಯಾವ ಕಾಡಿಗೆ. ಕೈಗೆ ಹುಣಸೆ ಬೀಜ ತೆಗೆದುಕೊಂಡು ಪಡಸಾಲೆಯಲ್ಲಿ ಕೂತ. ಆಡು ಕೊಡಕ್ಕೆ ಬರುವ ಶನಿವಾರ ಒಂದು, ಆನೆ ಕಸಬರಿಗೆಗೆ ಬರುವ ಶನಿವಾರ ಇನ್ನೊಂದು. ಎರಡು ಸಲ ಹಾರಿಸಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ಬೀಜಗಳನ್ನು ಆಚೆ ಈಚೆ ಸರಿಸುತ್ತ, ಬಿಡಿಯಾಗಿ ಅಂಟಿಸಿದ್ದ ಚಿತ್ರಗಳ ಜಾಗ ಅದಲುಬದಲು ಮಾಡಿದರೆ ಎರಡೂ ಅಪಾಯ ಒಂದೇ ಶನಿವಾರಕ್ಕೆ ಬಂದು ಬೀಳುತ್ತವೆ ಎಂದು ಕಂಡುಕೊಂಡಾಗ ಅವನಿಗೆ ಎಂಥ ಸಂತೋಷವಾಯಿತೆಂದರೆ ಎದ್ದು ನಿಂತುಬಿಟ್ಟ. ಆರನೇ ಶನಿವಾರ ಒಂದನ್ನು ತೆಗೆದರೆ ಸಾಕು. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡಿದ್ದ. ಈಗ ನೆನೆದರೆ ಮಾಡಿದ ಕೆಲಸಕ್ಕಿಂತ ಆ ಎರಡು ರೊಟ್ಟಿಯೇ ಗಂಟಲಲ್ಲಿ ನಿಲ್ಲುತ್ತಿದ್ದವು. ಅದು ಹದಿನೈದು ವಾರದ ಹಿಂದಿನ ಮಾತು. ಅಲ್ಲಿಂದ ಇಲ್ಲಿಯವರೆಗೆ ಸಾಲೆಯಲ್ಲಿ ಐದು ಶನಿವಾರಗಳು ಮಾತ್ರ ಸುತ್ತಿ ಸುತ್ತಿ ಬರುತ್ತಿದ್ದವು.

ಹೊರಗೆ ಮಕ್ಕಳ ಸದ್ದಾಯಿತು. ಅವನು ಅವಸರದಿಂದ ಬೋರ್ಡಿನ ಕಡೆ ತಿರುಗಿ, ನಿನ್ನೆಯೇ ದುಂಡಗೆ ಬರೆದಿಟ್ಟಿದ್ದ ‘ಸಾಹೇಬರಿಗೆ ಸುಸ್ವಾಗತ’ ಎಂಬ ಅಕ್ಷರಗಳನ್ನು ತಿದ್ದುವವನಂತೆ ನಿಂತ. ಸಾಲೆ ತಪಾಸಣೆಯ ಸಾಹೇಬರು ಈ ವಾರ ಯಾವಾಗಲಾದರೂ ಬರಬಹುದೆಂದು ಅಳವಂಡಿಯಿಂದ ಸುದ್ದಿ ಬಂದಿತ್ತು. ಬೆನ್ನ ಹಿಂದೆ ಆರು ಜೊತೆ ಬರಿಗಾಲು ಒಳಗೆ ಬಂದು ಚಕ್ರದ ಮುಂದೆ ನಿಂತದ್ದು ಅವನಿಗೆ ಗೊತ್ತಾಯಿತು.

‘ಮಾಸ್ತರ್ರಿ,’ ಸುಂಕಲಮ್ಮನ ದನಿ. ‘ಹ್ವಾದ ವಾರ ಆಡು ಯಾವ ಮನ್ಯಾಗಿತ್ರಿ?’

‘ಕೋಲಿನ ಮನ್ಯಾಗ,’ ಅವನು ತಿರುಗದೆ ಹೇಳಿದ.

‘ಕೋಲು ಆದಮ್ಯಾಲೆ ಯಾವ ಮನಿ ರೀ?’

‘ಈಗ ಕಸಬರಿಗಿ ಬಂದೈತಿ, ಹೋಗಿ ಕಸಾ ಹೊಡಿ.’

‘ಕೋಲು ಆದಮ್ಯಾಲೆ ಕೊಡ ಐತಲ್ರಿ.’

ನಂಬಿಸುವಂಥ ಸುಳ್ಳೊಂದನ್ನು ಹುಡುಕುತ್ತ ಅವನು ‘ಸು’ ಅಕ್ಷರದ ಕೊಂಬನ್ನು ಅಗತ್ಯಕ್ಕಿಂತ ಉದ್ದ ಎಳೆದ. ಅಷ್ಟರಲ್ಲಿ ವಿರುಪಣ್ಣನೇ ದಾರಿ ತೋರಿಸಿದ: ‘ಆಡು ಜಿಗದೈತಲೇ. ಆಡು ಜಿಗೀತಾವು.’ ಮಕ್ಕಳು ನಕ್ಕರು. ಕೊಪ್ಪಳದಲ್ಲಿ ನಲವತ್ತು ನಿಮಿಷ ಮಾತಾಡಿದ್ದ ಮನುಷ್ಯ ಆರು ವರ್ಷದ ಹುಡುಗನ ಚೇಷ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ‘ಹೌದು, ಆಡು ಜಿಗಿಯೂ ಪ್ರಾಣಿ,’ ಎಂದ.

ಉಮಾಪತಿ ಮುಖ ಗಂಟು ಹಾಕಿಕೊಂಡು ಚಕ್ರ ನೋಡುತ್ತಿದ್ದ. ‘ಆನಿನೂ ಜಿಗದೈತೇನ್ರಿ? ಹ್ವಾದ ವಾರ ಕೊಡದಾಗಿತ್ತು, ಈಗ ಚಾಪ್ಯಾಗ ಕುಂತೈತಿ. ನಡುವ ಕಸಬರಿಗಿ ಬಿಟ್ಟೈತಿ. ಆನಿ ಜಿಗಿಯೂದಿಲ್ರಿ ಮಾಸ್ತರ್ರಿ. ಹೊಸಪೇಟ್ಯಾಗ ನಾ ನೋಡೀನಿ.’

‘ಚೇಳೂ ಜಿಗಿಯೂದಿಲ್ರಿ,’ ಲಕ್ಷ್ಮಣ ಎಂದ. ‘ನಂದು ಗಂಟಿ ಆತು. ಈಗ ಕೊಡ ಬಂದೈತಿ. ಕೋಲು ನಂಗ ಒಮ್ಮಿನೂ ಬಂದಿಲ್ರಿ. ಒಮ್ಮಿನೂ.’

‘ಮೀನ ಜಿಗೀತೈತ್ರಿ,’ ಎಂದಳು ಹೊಳಿಯಮ್ಮ, ನ್ಯಾಯ ಬಿಡಬಾರದೆಂದು.

ಅವನು ಪಟ್ಟಿಯಿಂದ ಮೇಜು ಬಡಿದ. ಸುಂಕಲಮ್ಮ ಕಸಬರಿಗೆ ತೆಗೆದುಕೊಂಡು ಬಾಗಿಲಿಂದಲೇ ಶುರು ಮಾಡಿದಳು. ಅವಳು ಗುಡಿಸುವುದನ್ನು ನೋಡಬಾರದೆಂದು ಅವನು ಹಾಜರಿ ಪುಸ್ತಕ ತೆರೆದ. ಹಾಜರಿಯಲ್ಲಿ ಅವಳ ಹೆಸರು ಕೊನೆಗಿತ್ತು. ಸಾಲೆಯಲ್ಲಿ ಏನೂ ನಡೆದಿರಲಿಲ್ಲ. ಒಂದು ಸಾಣಿಗೆ ಒಂದು ಮನೆ ಹೆಚ್ಚಿಗೆ ತಿರುಗಿತ್ತು, ಅಷ್ಟೇ. ಆದರೆ ಕಸಬರಿಗೆಯ ಸರ್ ಸರ್ ಸದ್ದು ಅವನ ಕಾಲ ಬಳಿ ಬಂದು, ‘ಕಾಲ ಎತ್ರಿ ಮಾಸ್ತರ್ರಿ’ ಎಂದಾಗ, ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡು ಕೂತ. ಅವಳು ಕುರ್ಚಿಯ ಕೆಳಗೆ ಭಾಳ ಹೊತ್ತು ಗುಡಿಸಿದಳು. ಅಲ್ಲಿ ಅಷ್ಟು ಕಸವಿರಲಿಲ್ಲ. ಕಾಲು ಎತ್ತಿಕೊಂಡೇ ಅವನು ಆ ದಿನದ ಹಾಜರಿ ಕರೆದ.

ನೀರಡಿಸಿದಾಗ ಮಕ್ಕಳು ಕೊಡದ ಹತ್ತಿರ ಹೋದರು. ಪಾಳಿ ಲಕ್ಷ್ಮಣನದು. ಅವನು ಒಬ್ಬೊಬ್ಬರ ಬೊಗಸೆಗೂ ಚರಿಗೆಯಿಂದ ನೀರು ಸುರಿದ, ಕಣ್ಣೆಲ್ಲ ಮೂಲೆಯ ಕೋಲಿನ ಮೇಲಿಟ್ಟು. ಅರ್ಧ ನೀರು ನೆಲದ ಪಾಲಾಯಿತು. ಸುಂಕಲಮ್ಮ ಕೊನೆಗೆ ಬಂದು ಬಾಗಿ ಬೊಗಸೆ ಒಡ್ಡಿದಳು. ನೀರು ಬೀಳುವಾಗ ಅವಳು ನೀರನ್ನು ನೋಡಲಿಲ್ಲ, ಚರಿಗೆಯನ್ನು ನೋಡಿದಳು. ಅದನ್ನು ಯಾವ ಬೆರಳು ಹೇಗೆ ಹಿಡಿದಿದೆ, ಎಷ್ಟು ವಾಲಿಸಿದರೆ ಎಷ್ಟು ಬೀಳುತ್ತದೆ ಎಂದು ಪಾಠದ ಹಾಗೆ ನೋಡಿದಳು. ಹದಿನೈದು ವಾರದಿಂದ ಹೀಗೇ ನೋಡುತ್ತಿದ್ದಾಳೆಂಬುದು ದೇವೇಂದ್ರಪ್ಪನಿಗೆ ಆಗ ತಟ್ಟನೆ ಹೊಳೆಯಿತು. ಬೇರೆ ಮಕ್ಕಳು ಚೆಲ್ಲಿದ್ದನ್ನು ಅವಳು ಚೆಲ್ಲುವುದಿಲ್ಲ. ಊರಲ್ಲಿ ಅವಳಷ್ಟು ತಯಾರಾದವರು ಯಾರೂ ಇಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಹೊರಟವನು ಬೇವಿನ ಗಿಡದ ಹತ್ತಿರ ಹೆಜ್ಜೆ ನಿಧಾನ ಮಾಡಿದ. ಆರೂ ಮಕ್ಕಳು ಬುತ್ತಿ ಬಿಚ್ಚದೆ ಹಾಸುಗಲ್ಲಿನ ಸುತ್ತ ಕೂತಿದ್ದರು. ಕಲ್ಲಿನ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆದಿದ್ದರು. ಆದರೆ ಮನೆಗಳು ಚೌಕವಾಗಿರಲಿಲ್ಲ, ದುಂಡಗಿದ್ದವು; ಆರೇ ಇದ್ದವು. ಕಾಯಿಗಳು ಹುಣಸೆ ಬೀಜ. ಸುಂಕಲಮ್ಮ ಬೆರಳಿಂದ ಒಂದೊಂದಾಗಿ ನಡೆಸುತ್ತಿದ್ದಳು. ‘ಇದು ನಾನು. ಕಸಬರಿಗಿ, ಚಾಪಿ, ಬೋರ್ಡ, ಗಂಟಿ, ಕೋಲು. ಈಗ ನೋಡ್ರಿ.’ ಬೀಜ ಹಾರಿತು. ‘ನನ್ನ ಕೊಡ ಹೋತು. ಉಮಾಪತಿ, ನಿನ್ನ ಕಸಬರಿಗಿ ಹೋತು. ವಿರುಪಣ್ಣನ ಗಂಟಿ, ಲಕ್ಷ್ಮಣನ ಕೋಲು, ಶಂಕ್ರಿಯ ಬೋರ್ಡ. ಹೊಳಿಯವ್ವನ ಚಾಪಿನೂ ಹೋತು.’

ಹೊಳಿಯಮ್ಮ ಗಾಬರಿಯಾದಳು. ಚಾಪೆ ಹಾಸುವ ಕೆಲಸ ಯಾರಿಗೂ ಬೇಡವಾಗಿತ್ತು. ಅದರಲ್ಲಿ ತಿಗಣೆ ಇದ್ದವು. ಆದರೆ ಕಳೆದು ಹೋಯಿತೆಂದು ಕೇಳಿದ ಕೂಡಲೇ ಅವಳು, ‘ನನ್ನ ಚಾಪಿ,’ ಎಂದು ಬಾಯಿ ತೆರೆದು ಅಳಲು ಶುರು ಮಾಡಿದಳು. ಅವಳು ಅತ್ತದ್ದು ನೋಡಿ ಲಕ್ಷ್ಮಣನೂ ಅತ್ತ. ದೇವೇಂದ್ರಪ್ಪ ಬೇವಿನ ಗಿಡದ ಹಿಂದೆ, ಚಪ್ಪಲಿಯ ಮುಳ್ಳು ತೆಗೆಯುವವನಂತೆ ಒಂಟಿ ಕಾಲಲ್ಲಿ ನಿಂತಿದ್ದ. ಒಬ್ಬಳಿಗೆ ಕೊಡ ತಪ್ಪಿಸಲು ಆರೂ ಮಕ್ಕಳಿಂದ ಒಂದೊಂದು ಕಸಿದುಕೊಂಡಿದ್ದೇನೆಂಬ ಲೆಕ್ಕ, ಹುಣಸೆ ಬೀಜ ಹಿಡಿದು ಕೂತ ಆ ಸಂಜೆ ತನಗೇಕೆ ಕಾಣಲಿಲ್ಲ? ಕಂಡಿತ್ತು. ಉಳಿದವರದು ಸಣ್ಣ ನಷ್ಟ, ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದ.

‘ಇದು ಕಳ್ಳಾಟ,’ ಉಮಾಪತಿ ತೀರ್ಪು ಕೊಟ್ಟ. ‘ಒಂದು ಬಿದ್ದರ ಒಂದ ಮನಿ ನಡೀಬೇಕು.’

‘ಕಳ್ಳಾಟ ಆಡಿದ್ರ ಕಾಯಿ ಹಿಂದ ಇಡಬೇಕು,’ ಸುಂಕಲಮ್ಮ ಹೇಳಿದಳು. ಅದು ಆಟದ ಕಟ್ಟಳೆ, ಎಲ್ಲರಿಗೂ ಗೊತ್ತಿದ್ದದ್ದು. ಅವನ ಅವ್ವ ಹೀಗೇ ಅವನ ಮಣಿಕಟ್ಟಿಗೆ ಕವಡೆಯಿಂದ ಟಪ್ಪೆಂದು ಹೊಡೆದು, ಹಿಂದ ಇಡು ಕಳ್ಳ, ಎನ್ನುತ್ತಿದ್ದಳು. ಆಗ ಅವನಿಗೂ ಏಳು ವರ್ಷ. ಹಿಂದೆ ಇಡುತ್ತಿದ್ದ. ಎಷ್ಟು ಸುಲಭವಾಗಿ ಇಡುತ್ತಿದ್ದ. ಕಾಲಲ್ಲಿ ಇಲ್ಲದ ಮುಳ್ಳನ್ನು ಕಿತ್ತು ಎಸೆದು ಅವನು ಮನೆಯ ಕಡೆ ನಡೆದ.

ತಾಟಿನಲ್ಲಿ ಬಿದ್ದ ರೊಟ್ಟಿ ಒರಟಾಗಿತ್ತು. ಮುರಿದರೆ ತೌಡು ಉದುರುತ್ತಿತ್ತು. ನಾಲ್ಕು ತಿಂಗಳಿಂದ ಹೀಗೇ. ‘ಸಾಣಿಗಿ ಸಾಲಿಗೆ ಹೋಗೈತಿ, ತೌಡು ತಾಟಿಗೆ ಬಂದೈತಿ,’ ಎಂದು ಶಾಂತಕ್ಕ ಪುಂಡಿಪಲ್ಯ ಬಡಿಸಿದಳು. ‘ಒಂದು ಚಕ್ರ ನನಗೂ ಮಾಡಿ ಕೊಡ್ರೆಲ. ಒಂದು ವಾರ ನೀವು ಒಲಿ ಮುಂದ ಕುಂದರ್ರಿ, ನಾ ಕುರ್ಚಿ ಮ್ಯಾಲೆ ಕಾಲೆತ್ತಿಕೊಂಡು ಕುಂದರತೀನಿ.’

ಕಾಲಿನ ವಿಷಯ ಇಷ್ಟು ಬೇಗ ಇಲ್ಲಿಗೆ ಹೇಗೆ ಬಂತು?

‘ಅದರಾಗೂ ಮನಿ ಹಾರಸ್ತೀರೇನ್ರಿ?’ ಎಂದಳು ಅವಳು. ‘ಮೊನ್ನೆ ಹೊಲದ ದಾರಿಯಾಗ ಸುಂಕಲಿಯ ಅವ್ವ ದುರಗಮ್ಮ ಸಿಕ್ಕಿದ್ಲು. ಅಕ್ಕೋರ, ನಮ್ಮ ಹುಡುಗಿ ಮನ್ಯಾಗ ದಿನಾ ಖಾಲಿ ಚರಿಗಿ ಹಿಡಕೊಂಡು ಗ್ವಾಡಿಗೆ ನೀರು ಸುರುವ್ತಾಳ, ಆಕೀದು ಪಾಳಿ ಯಾವಾಗ ಬರ್ತೈತ್ರಿ, ಅಂತ ಕೇಳಿದ್ಲು. ನಾ ಏನ ಹೇಳಬೇಕು?’

‘ನಿನಗ ತಿಳಿಯೂದಿಲ್ಲ. ಸಾಲಿ ನಡಿಬೇಕಲ್ಲ. ಜಾಗ ಗೌಡ್ರದು.’

‘ಗೌಡ್ರು ಬ್ಯಾಡ ಅಂದ್ರೇನು?’

‘ಅನ್ನಲಿಲ್ಲ.’

‘ಮತ್ತ?’

‘ಕೆಮ್ಮಿದ್ರು.’

ಶಾಂತಕ್ಕ ಸವುಟನ್ನು ಪಲ್ಯದ ಬೋಗುಣಿಯಲ್ಲಿ ಇಟ್ಟಳು. ಗಂಡನನ್ನು, ಅಂಗಡಿಯಲ್ಲಿ ತೆಗೆದುಕೊಳ್ಳಲೋ ಬೇಡವೋ ಎಂದು ಸಾಮಾನು ನೋಡುವ ಹಾಗೆ ನೋಡಿದಳು. ‘ಹ್ವಾದ ಮಳಿಗಾಲದಾಗ ನಾ ಎರಡು ತಿಂಗಳು ಕೆಮ್ಮಿದ್ನೆಲ್ರಿ,’ ಎಂದಳು. ‘ಏನ ತಿರುಗಿಸಿದ್ರಿ?’

ಅಷ್ಟರಲ್ಲಿ ಗಂಟೆಯ ಸದ್ದು ಕೇಳಿತು. ಈ ವಾರ ಗಂಟೆ ಶಂಕ್ರಮ್ಮನದು. ಶಂಕ್ರಮ್ಮ ಗಂಟೆಯನ್ನು ಮೂರು ಸಲ ಮುಟ್ಟಿದಂತೆ ಮಾಡಿ, ತನ್ನ ಸದ್ದಿಗೆ ತಾನೇ ಹೆದರಿ ಓಡುತ್ತಿದ್ದಳು. ಇದು ಹಾಗಿರಲಿಲ್ಲ. ತೂಗು ಹಾಕಿದ್ದ ರೈಲು ಕಂಬಿಯ ತುಂಡನ್ನು ಯಾರೋ ಜನ್ಮದ ಹಸಿವು ತೀರುವಂತೆ ಬಡಿಯುತ್ತಿದ್ದರು, ನಿಲ್ಲಿಸದೆ. ಗಿಣಿ, ಎಂದುಕೊಂಡ ದೇವೇಂದ್ರಪ್ಪ. ಗಂಟೆಯ ಮನೆಗೆ ವಿರುಪಣ್ಣನ ಗಿಣಿ ಬರುವುದು ಒಂದೇ ಶನಿವಾರ, ತಾನು ಹಾರಿಸಿದ ಆರನೆಯದು. ಕೈ ತೊಳೆಯದೆ ಎದ್ದು ಓಡಿದ.

ಊರಬಾಗಿಲ ಅಗಸಿಯ ಹತ್ತಿರ ಸವಾರಿ ಬಂಡಿಯೊಂದು ನಿಂತಿತ್ತು. ದೊಡ್ಡಬಸಪ್ಪಗೌಡರು ಇಳಿಯುತ್ತಿದ್ದವರಿಗೆ ಕೈ ಕೊಡುತ್ತಿದ್ದರು. ಇಳಿದವರು ತಪಾಸಣೆಯ ಸಾಹೇಬರು. ಕರಿ ಶೇರವಾನಿ, ಅದರ ಮೇಲೆ ಆರು ಹರದಾರಿಯ ಧೂಳು. ‘ಮಾಸ್ತರ್ ಸಾಬ್, ಊರಾಗ ಬೆಂಕಿ ಬಿದ್ದೈತೇನು?’ ಎಂದರು. ಗಂಟೆ ಇನ್ನೂ ಬಡಿಯುತ್ತಿತ್ತು. ‘ಇಲ್ರಿ ಸಾಹೇಬ್ರ, ತಮ್ಮ ಸ್ವಾಗತಕ್ಕರಿ,’ ಎಂದು ಬಿಟ್ಟ. ಬಾಯಿ ಎಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ ಎಂದು ತನಗೇ ಅಸಹ್ಯವಾಯಿತು. ಸಾಲೆಯವರೆಗಿನ ಇನ್ನೂರು ಹೆಜ್ಜೆಯಲ್ಲಿ ಅವನು ಗಟ್ಟಿ ಮಾಡಿಕೊಂಡ: ಇವತ್ತು ಗೌಡರು ಕೆಮ್ಮಲಿ, ಹೇಳಿಯೇ ಬಿಡುತ್ತೇನೆ. ಚಕ್ರಕ್ಕೆ ತಲೆಯಿಲ್ಲ, ಕಾಲಿಲ್ಲ. ಚಕ್ರಕ್ಕೆ ತಲೆಯಿಲ್ಲ, ಕಾಲಿಲ್ಲ. ಸಾಹೇಬರ ಎದುರಿಗೇ ಹೇಳುತ್ತೇನೆ. ಹೆಜ್ಜೆ ಹೆಜ್ಜೆಗೂ ಮಾತು ತಾಳಕ್ಕೆ ಬಿತ್ತು. ಬಾಗಿಲ ಹತ್ತಿರ ಬಂದಾಗ ಅವನ ಎದೆ ನಿಜವಾಗಿ ಉಬ್ಬಿತ್ತು.

ಒಳಗೆ ಆರನೇ ಶನಿವಾರ ನಡೆಯುತ್ತಿತ್ತು. ಜಾಲಿಯ ಮುಳ್ಳು ಕಿತ್ತು ಚಕ್ರವನ್ನು ಒಂದು ಮನೆ ಹಿಂದಕ್ಕೆ ಇಟ್ಟಿದ್ದರು. ಕೆಳಗೆ ಗೋದಲಿಯ ಮೇಲೆ ಒಬ್ಬರ ಮೇಲೊಬ್ಬರು ಹತ್ತಿದ ಗುರುತಿತ್ತು. ವಿರುಪಣ್ಣ ಕಣ್ಣು ಮುಚ್ಚಿ ಗಂಟೆ ಬಡಿಯುತ್ತಿದ್ದ. ಹೊಳಿಯಮ್ಮ ಇದ್ದ ಚಾಪೆಗಳನ್ನೆಲ್ಲ ಹಾಸಿ, ಜಾಗ ಸಾಲದೆ ಒಂದರ ಮೇಲೊಂದು ಹಾಸಿ, ಇನ್ನೂ ಹಾಸುತ್ತಿದ್ದಳು. ಶಂಕ್ರಮ್ಮ ಬೋರ್ಡನ್ನು ಎಷ್ಟು ಚೊಕ್ಕ ಒರೆಸಿದ್ದಳೆಂದರೆ ಸುಸ್ವಾಗತವೆಲ್ಲ ಹೋಗಿ ಅತಿ ಉದ್ದ ಎಳೆದಿದ್ದ ಒಂದು ಕೊಂಬು ಮಾತ್ರ ಉಳಿದಿತ್ತು, ಅದನ್ನೂ ಉಗುಳು ಹಚ್ಚಿ ತಿಕ್ಕುತ್ತಿದ್ದಳು. ಇಂದು ಕತ್ತೆಗಳು ಬಂದಿರಲಿಲ್ಲ; ಬಾರದ ಕಾರಣ ಲಕ್ಷ್ಮಣ ಅಗಸರ ಮನೆಯಿಂದ ಒಂದನ್ನು ಕಿವಿ ಹಿಡಿದು ಕರೆತಂದಿದ್ದ. ಕೋಲು ಬೀಸಿ ಅದನ್ನು ಹೊರಗೆ ಓಡಿಸುವನು, ಹೊರಗೆ ಹೋಗಿ ಪುಸಲಾಯಿಸಿ ಒಳಗೆ ತರುವನು, ಮತ್ತೆ ಓಡಿಸುವನು. ಕತ್ತೆಗೆ ಸಾಲೆಯ ನಿಯಮ ತಿಳಿಯದಾಗಿತ್ತು. ಉಮಾಪತಿ ಈ ಎಲ್ಲದರ ನಡುವೆ ಕಸಬರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗುಡಿಸುವುದು ಹೇಗೆಂದು ಯಾರೂ ಕಲಿಸಿರದ ಕಾರಣ ಮೇಲಿನಿಂದ ಕೆಳಕ್ಕೆ ನೆಲವನ್ನು ಬಡಿಯುತ್ತಿದ್ದ. ನಾಲ್ಕು ವರ್ಷದ ಹಿಂದಿನ ಸೆಗಣಿಯ ಪುಡಿಯೂ ಎದ್ದು ಗಾಳಿಯಲ್ಲಿ ನಿಂತಿತ್ತು. ಕೊಡದ ಪಕ್ಕದಲ್ಲಿ ಮಾತ್ರ ಗದ್ದಲವಿರಲಿಲ್ಲ. ಸುಂಕಲಮ್ಮ ಬಾಗಿಲ ಬಳಿಯ ತನ್ನ ಜಾಗ ಬಿಟ್ಟು ಅಲ್ಲಿ ನಿಂತಿದ್ದಳು, ಚರಿಗೆಯನ್ನು ಎದೆಗೆ ಹಿಡಿದು.

ವಿರುಪಣ್ಣ ಕಣ್ಣು ತೆರೆದು ನೋಡಿ ಗಂಟೆ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ಸಾಹೇಬರು ಚಕ್ರದ ಮುಂದೆ ಹೋಗಿ, ಬೆರಳಿಟ್ಟು, ಒಂದೊಂದೇ ಚಿತ್ರ ನೋಡಿದರು. ‘ಇದೇನು ತಮಾಷಾ?’ ಎಂದರು. ದೇವೇಂದ್ರಪ್ಪ ವಿವರಿಸಿದ, ಆರು ಮಕ್ಕಳು, ಆರು ಕೆಲಸ, ವಾರಕ್ಕೊಂದು ಮನೆ. ಸಾಹೇಬರ ಮುಖ ಅರಳಿತು. ‘ಬಹುತ್ ಖೂಬ್. ಓದಾಕ ಬರದಿದ್ರೂ ಕೆಲಸ ತಿಳೀತೈತಿ. ನಾ ಇದನ್ನ ಎಲ್ಲಾ ಸಾಲಿಗೂ ಬರೀತೀನಿ. ಮನೀ ಹಾರೂ ಹಂಗಿಲ್ಲ, ತಪ್ಪಿಸಿಕೊಳ್ಳೂ ಹಂಗಿಲ್ಲ. ಇದು ನ್ಯಾಯ, ಇನ್ಸಾಫ್.’ ಧೂಳಿನೊಳಗಿಂದ ಬಗ್ಗಿ ನೋಡಿ, ‘ಆಹಾ, ಆನಿ ಝಾಡು ಹೊಡೀತೈತಿ. ಯಾರ ಮಗಾ ನೀನು?’ ಎಂದರು.

‘ದೊಡ್ಡಬಸಪ್ಪಗೌಡ್ರ ಮಗಾರಿ,’ ಉಮಾಪತಿ ಬಡಿಯುವುದು ನಿಲ್ಲಿಸದೆ ಹೇಳಿದ.

ಗೌಡರ ರುಮಾಲು ಒಂದು ಬೆರಳು ಕೆಳಗೆ ಇಳಿದಂತೆ ಕಂಡಿತು. ‘ಏ ಉಮ್ಯಾ, ಬಿಡು ಅದನ್ನ,’ ಎಂದರು ಮೆಲ್ಲಗೆ. ‘ಒಲ್ಲೆ ಅಪ್ಪಾ. ಹದಿನೈದು ವಾರ ಆತು, ನನಗ ಬಂದೇ ಇಲ್ಲ,’ ಎಂದು ಅವನು ಚಾಪೆಗಳ ಗುಡ್ಡ ಹತ್ತಿ ಆಚೆ ಹಾರಿದ. ಗೌಡರು ಹಿಂದೆ ಹೋದರು. ಕಾಲಿಗೆ ಚಾಪೆ ಜಾರಿತು. ಹಿಡಿಯಲು ಕೈಗೆ ಸಿಕ್ಕದ್ದು ಕತ್ತೆಯ ಕುತ್ತಿಗೆ. ‘ಅದು ನಂದ್ರಿ,’ ಎಂದ ಲಕ್ಷ್ಮಣ. ಕಸಬರಿಗೆ ಮತ್ತೆ ನೆಲಕ್ಕೆ ಬಿತ್ತು, ಧೂಳು ಇನ್ನೊಂದು ಸಲ ಎದ್ದಿತು. ಸಾಹೇಬರು ಮೂಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬಂದು, ‘ಪಾನಿ, ಪಾನಿ,’ ಎನ್ನುತ್ತ ಚಕ್ರ ನೋಡಿದರು. ‘ಕೊಡದ ಮ್ಯಾಲೆ ಯಾರು? ಆಡು. ಆಡು ಎಲ್ಲಿ ಐತವ್ವ?’

‘ಇಲ್ಲಿ ಅದೀನ್ರಿ,’ ಎಂದಳು ಸುಂಕಲಮ್ಮ. ಚರಿಗೆ ಕೊಡದಲ್ಲಿ ಮುಳುಗಿತು, ಒಂದು ಹನಿ ಚೆಲ್ಲದೆ ತುಂಬಿ ಮೇಲೆ ಬಂತು. ಸಾಹೇಬರು ಬಾಗಿ, ಮಕ್ಕಳು ಮಾಡುವ ಹಾಗೆಯೇ, ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದರು.

ಆಗ ದೊಡ್ಡಬಸಪ್ಪಗೌಡರು ಕೆಮ್ಮಿದರು.

ಅವರ ಬೆನ್ನು ಈ ಕಡೆಗಿತ್ತು. ಮಗನ ಕಸಬರಿಗೆಯ ಒಂದು ತುದಿ ಅವರ ಕೈಗೆ ಸಿಕ್ಕಿತ್ತು, ಇನ್ನೊಂದು ತುದಿಯನ್ನು ಮಗ ಬಿಡುತ್ತಿರಲಿಲ್ಲ. ಅವರು ಕೊಡವನ್ನು ನೋಡಿರಲಿಲ್ಲ, ಹುಡುಗಿಯನ್ನು ನೋಡಿರಲಿಲ್ಲ. ಊರಿನಲ್ಲಿ ಯಾರೇ ಆಗಲಿ ಆ ಧೂಳಿನಲ್ಲಿ ಕೆಮ್ಮುತ್ತಿದ್ದರು, ಕತ್ತೆಯೂ ಕೆಮ್ಮುತ್ತಿತ್ತು. ಇದೆಲ್ಲ ದೇವೇಂದ್ರಪ್ಪನಿಗೆ ಕಣ್ಣೆದುರು ನಿಚ್ಚಳವಾಗಿ ಕಂಡಿತು. ಚಕ್ರಕ್ಕೆ ತಲೆಯಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಬಾಯಿ ತೆರೆದರೆ ಸಾಕಿತ್ತು. ಬಾಯಿ ತೆರೆದ. ಒಳಗಿಂದ ಬೇರೆ ಯಾರದೋ ದನಿ, ಹದಿನೈದು ವಾರ ಅಲ್ಲೇ ಮನೆ ಮಾಡಿಕೊಂಡಿದ್ದ ದನಿ, ಗಡಿಬಿಡಿಯಿಂದ ಹೊರಗೆ ಬಂತು.

‘ಏ ಸುಂಕಲಮ್ಮ, ಚರಿಗಿ ಕೆಳಗಿಡು. ಇವತ್ತ ನಿನ್ನ ಪಾಳಿ ಅಲ್ಲ. ಬಾಗಲದ ಕಡೆ ಹೋಗು.’

ಸಾಹೇಬರು ಬೊಗಸೆ ಒಡ್ಡಿಕೊಂಡೇ ತಲೆ ಎತ್ತಿದರು. ಗೌಡರು ತಿರುಗಿ, ಏನಾಯಿತೆಂದು ತಿಳಿಯದೆ ಮಾಸ್ತರನನ್ನು ನೋಡಿದರು. ಮಕ್ಕಳು ಅವನನ್ನು ನೋಡಿದರು, ಕತ್ತೆ ಅವನನ್ನು ನೋಡಿತು. ಸುಂಕಲಮ್ಮ ಮಾತ್ರ ಗೋಡೆಯ ಕಡೆ ನೋಡಿದಳು. ಚಕ್ರವನ್ನು, ಗಾಳಿಗೆ ಅಲುಗುವಂತಿದ್ದ ಆ ಗಡ್ಡವನ್ನು, ಅದರ ನೇರಕ್ಕಿದ್ದ ಕೆಮ್ಮಣ್ಣಿನ ಕೊಡವನ್ನು, ಎಣಿಸುವವಳಂತೆ ನೋಡಿದಳು. ಚರಿಗೆ ಅಲುಗಲಿಲ್ಲ.

‘ಒಲ್ಲೆರಿ ಮಾಸ್ತರ್ರಿ,’ ಎಂದಳು. ‘ಆಡು ಕೊಡದ ಮ್ಯಾಲೆ ಕುಂತೈತಿ. ಇಳೀಬೇಕಂದ್ರ ಮುಂದಿನ ಶನಿವಾರ ಬರಬೇಕು.’